ಮನೆಯ ಮೊದಲ ಮೀನುತೊಟ್ಟಿ: ನಾಡಿನ ಸಣ್ಣ ಮೀನುಗಳನ್ನು ಸಾಕುವ ಕ್ರಮ

ಮೀನನ್ನು ಆಹಾರಕ್ಕಾಗಿ ಮಾತ್ರವಲ್ಲದೆ ಅಂದಕ್ಕಾಗಿಯೂ ಪುಣ್ಯಕ್ಕಾಗಿಯೂ ಸಲಹುವ ಪದ್ಧತಿಯು ಕನ್ನಡನಾಡಿಗೆ ಹೊಸತಲ್ಲ. ಶೃಂಗೇರಿಯಲ್ಲಿ ತುಂಗಾನದಿಯ ಸೋಪಾನಗಳ ಬಳಿಯಲ್ಲಿಯೂ, ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ನದಿಯಲ್ಲಿಯೂ ಯಾತ್ರಿಕರು ದೇವರ ಮೀನುಗಳೆಂದು ಭಾವಿಸಿ ಇಂದಿಗೂ ಅವುಗಳಿಗೆ ಮೇವು ಹಾಕುವರು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, 12ನೆಯ ಶತಮಾನದ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದ್ದು, ಮೀನಿನ ಜಾತಿಗಳೂ ಅವುಗಳಿಗೆ ಹಾಕತಕ್ಕ ಮೇವೂ ಅದರಲ್ಲಿ ಹೇಳಲ್ಪಟ್ಟಿವೆ. ಗಾಜಿನ ಪಾತ್ರೆಯಲ್ಲಿ ಜಲಸಸ್ಯಗಳನ್ನೂ ಮೀನುಗಳನ್ನೂ ಒಟ್ಟಿಗೆ ಇಟ್ಟು ನೀರು ಕೆಡದಂತೆ ನೋಡಿಕೊಳ್ಳುವ ಕ್ರಮವು ಮಾತ್ರ ಈಚಿನದು. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಇದನ್ನು ಪ್ರಕಟಪಡಿಸಿದನು. ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ ಸರ್ಕಾರದ ಮತ್ಸ್ಯಾಲಯವು 1983ರಲ್ಲಿ ತೆರೆಯಲ್ಪಟ್ಟಿತು.

ಈಗ ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಲ್ಲಿ ಇಂತಹ ತೊಟ್ಟಿಗಳು ಅನೇಕ ಮನೆಗಳಲ್ಲಿವೆ. 1948ರಲ್ಲಿ ಪ್ರಾರಂಭವಾದ ಜಯನಗರವೂ, ಅದರ ನಂತರ ಬೆಳೆದ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳೂ ಹಿಂದೆ ಹೊಲಗದ್ದೆಗಳಾಗಿದ್ದ ಭೂಮಿಯ ಮೇಲೆಯೇ ನಿಂತಿವೆ. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಮಡಿವಾಳ ಎಂಬ ಗ್ರಾಮಗಳ ಕೆರೆಗಳು ಈಗ ಮನೆಗಳ ನಡುವೆ ಉಳಿದಿವೆ. ಆ ಕೆರೆಗಳ ಕೆಳಗೆ ಅಚ್ಚುಕಟ್ಟು ಇದ್ದ ಕಾಲದಲ್ಲಿ ಮಳೆಗಾಲದ ಹೊಸ ನೀರಿನೊಡನೆ ಕಾಲುವೆಯನ್ನೂ ಗದ್ದೆಯನ್ನೂ ಹತ್ತಿ ಬರುತ್ತಿದ್ದ ಬೆರಳುದ್ದದ ಮೀನುಗಳ ಪರಿಚಯವು ಹಿರಿಯ ಹಿಡುವಳಿದಾರರಿಗೆ ಉಂಟು. ಅವರ ಮೊಮ್ಮಕ್ಕಳು ಆ ಮೀನುಗಳನ್ನು ನೋಡಬೇಕಾದರೆ ಈಗ ಗಾಜಿನ ತೊಟ್ಟಿಯೇ ಸುಲಭವಾದ ಮಾರ್ಗವಾಗಿದೆ. ವಿದ್ಯಾಭ್ಯಾಸಕ್ಕಾಗಿ ಮಕ್ಕಳನ್ನು ಈ ಬಡಾವಣೆಗಳಲ್ಲಿ ಇರಿಸಿರುವ ಗ್ರಾಮಸ್ಥರಿಗೂ, ತಮ್ಮ ಊರಿನ ಮನೆಯಲ್ಲಿಯೇ ಒಂದು ತೊಟ್ಟಿಯನ್ನು ಇಡಬೇಕೆಂಬವರಿಗೂ ಅನುಕೂಲವಾಗಲೆಂದು ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹೊಸದಾಗಿ ತೊಟ್ಟಿಯನ್ನು ಇಡುವವರಲ್ಲಿ ಬಹು ಮಂದಿ ಒಂದೇ ಬಗೆಯ ತಪ್ಪನ್ನು ಮಾಡುವರು. ಶನಿವಾರ ತೊಟ್ಟಿಯನ್ನು ಕೊಂಡು ತಂದು ತೊಳೆದು ನೀರು ತುಂಬುವರು. ಭಾನುವಾರ ಹತ್ತಾರು ಮೀನುಗಳನ್ನು ತಂದು ಬಿಡುವರು. ಮಕ್ಕಳು ಸಂತೋಷದಿಂದ ದಿನಕ್ಕೆ ನಾಲ್ಕು ಸಾರಿ ಮೇವು ಹಾಕುವರು. ಬುಧವಾರ ಗುರುವಾರಗಳ ಹೊತ್ತಿಗೆ ನೀರು ಮಬ್ಬಾಗಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುವುವು. ತಿಂಗಳು ತುಂಬುವುದರೊಳಗೆ ಒಂದೊಂದಾಗಿ ಸತ್ತುಹೋಗುವುವು. ಅಂಗಡಿಯವನು ರೋಗದ ಮೀನು ಕೊಟ್ಟನೆಂದೋ, ತಮಗೆ ಮೀನು ಸಾಕುವ ಯೋಗವಿಲ್ಲವೆಂದೋ ಮನೆಯವರು ತಿಳಿದು ತೊಟ್ಟಿಯನ್ನು ಅಟ್ಟಕ್ಕೆ ಏರಿಸುವರು. ವಾಸ್ತವವಾಗಿ ಅವುಗಳ ಸಾವಿಗೆ ಬಹುಮಟ್ಟಿಗೆ ಕಾರಣವಾದದ್ದು ನೀರು ಪಕ್ವವಾಗುವುದಕ್ಕೆ ಮೊದಲೇ ಮೀನುಗಳನ್ನು ಬಿಟ್ಟದ್ದು. ನೆಲವನ್ನು ಹದಮಾಡದೆ ಬಿತ್ತಿದ ಬೀಜವು ಹೇಗೆ ನಷ್ಟವೋ, ನೀರನ್ನು ಹದಮಾಡದೆ ಬಿಟ್ಟ ಮೀನೂ ಹಾಗೆಯೇ ನಷ್ಟ. ಈ ಒಂದು ವಿಷಯವನ್ನು ಚೆನ್ನಾಗಿ ಗ್ರಹಿಸಿದವರಿಗೆ ಉಳಿದ ಕೆಲಸವು ಕಷ್ಟವಲ್ಲ.

ತೊಟ್ಟಿಯ ಅಳತೆ ಮತ್ತು ಸ್ಥಳ

ಸಣ್ಣ ಪಾತ್ರೆಯು ಸುಲಭವೆಂದು ತಿಳಿಯುವುದು ಸರಿಯಲ್ಲ. ನೀರು ಕಡಿಮೆಯಾದಷ್ಟೂ ಅದು ಬೇಗ ಕೆಡುವುದು, ಬೇಗ ಕಾಯುವುದು, ಬೇಗ ತಣಿಯುವುದು. ದುಂಡನೆಯ ಗಾಜಿನ ಬೋಗುಣಿಗಳಲ್ಲಿ ಮೀನನ್ನು ಇಡಲೇಕೂಡದು. ಮೊದಲ ಸಾರಿ ಇಡುವವರಿಗೆ 2 ಅಡಿ ಉದ್ದ, 1 ಅಡಿ ಅಗಲ, 15 ಅಂಗುಲ ಎತ್ತರದ ತೊಟ್ಟಿಯು ಯೋಗ್ಯವಾದುದು. ಗಾಜು 6 ಮಿಲಿಮೀಟರು ದಪ್ಪವಿರಬೇಕು. ಇದರಲ್ಲಿ ಮರಳನ್ನು ಹಾಸಿ, ಮೇಲೆ ಎರಡು ಅಂಗುಲ ಖಾಲಿ ಬಿಟ್ಟು ತುಂಬಿದರೆ ಸುಮಾರು 55 ಲೀಟರು ನೀರು ಹಿಡಿಯುವುದು. ನೀರು, ಮರಳು, ಕಲ್ಲು, ಗಾಜು ಎಲ್ಲವೂ ಸೇರಿ ಭಾರವು 80 ಕಿಲೋಗ್ರಾಮನ್ನು ಮೀರುವುದರಿಂದ ಸಾಮಾನ್ಯವಾದ ಮರದ ಮೇಜು ಇದಕ್ಕೆ ತಕ್ಕದ್ದಲ್ಲ. ಗೋಡೆಗೆ ಸೇರಿದಂತೆ ಕಟ್ಟಿದ ಕಲ್ಲುಚಪ್ಪಡಿಯಾಗಲಿ, ಇದಕ್ಕೆಂದೇ ಮಾಡಿಸಿದ ಕಬ್ಬಿಣದ ನಿಲುವಾಗಲಿ ಬೇಕು. ಅದು ಓರೆಯಿಲ್ಲದೆ ಸಮತಟ್ಟಾಗಿರಬೇಕು. ಗಾಜಿನ ತಳದ ಕೆಳಗೆ ತೆಳ್ಳನೆಯ ಥರ್ಮೋಕೋಲಿನ ಹಾಳೆಯನ್ನು ಹಾಕಿದರೆ ತಳವು ಬಿರುಕುಬಿಡುವ ಭಯವಿರದು. ನೀರು ತುಂಬಿದ ತೊಟ್ಟಿಯನ್ನು ಎಂದಿಗೂ ಎತ್ತಬಾರದು.

ಕಿಟಕಿಯಿಂದ ನೇರವಾಗಿ ಬಿಸಿಲು ಬೀಳುವ ಸ್ಥಳದಲ್ಲಿ ತೊಟ್ಟಿಯನ್ನಿಟ್ಟರೆ ಹಸುರು ಪಾಚಿಯು ಗಾಜನ್ನೆಲ್ಲ ಮುಚ್ಚುವುದು. ಅಡಿಗೆಮನೆಯ ಹೊಗೆಯೂ, ಸೊಳ್ಳೆಗೆ ಹಚ್ಚುವ ಬತ್ತಿಯ ಹೊಗೆಯೂ, ಕೀಟನಾಶಕದ ತುಂತುರೂ ಮೀನಿಗೆ ವಿಷಪ್ರಾಯವಾದುವು. ತೋಟದ ಔಷಧಿಯನ್ನು ಮುಟ್ಟಿದ ಕೈಯನ್ನು ತೊಟ್ಟಿಯಲ್ಲಿ ಅದ್ದಬಾರದೆಂಬುದನ್ನು ರೈತರು ಮುಖ್ಯವಾಗಿ ನೆನಪಿನಲ್ಲಿಡತಕ್ಕದ್ದು.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿನ ಹವೆಯು ಅತಿಯಾದ ಶಾಖವೂ ಅತಿಯಾದ ಚಳಿಯೂ ಇಲ್ಲದ್ದು. ಹೊರದೇಶದ ಅನೇಕ ಮೀನುಗಳಿಗೆ ಜನವರಿಯಲ್ಲಿ ನೀರನ್ನು ಕಾಯಿಸುವ ಉಪಕರಣ ಬೇಕಾಗುವುದು. ಮುಂದೆ ಹೇಳುವ ನಾಡಿನ ಮೀನುಗಳಿಗೆ ಮನೆಯೊಳಗಿನ ನೀರಿನ ಸಹಜವಾದ ಶಾಖವೇ ಸಾಕು. ಖರ್ಚಿನ ದೃಷ್ಟಿಯಿಂದಲೂ ಇದು ಒಂದು ಅನುಕೂಲ.

ಮರಳು, ಗಿಡ, ಶೋಧಕ

ತಳಕ್ಕೆ ಒಂದೂವರೆ ಅಂಗುಲದಷ್ಟು ನದಿಯ ಮರಳನ್ನು, ತೊಳೆದ ನೀರು ತಿಳಿಯಾಗುವವರೆಗೆ ಹತ್ತಾರು ಸಾರಿ ತೊಳೆದು ಹಾಸಬೇಕು. ಬಣ್ಣ ಕೊಟ್ಟ ಹರಳುಗಳು ಬೇಡ. ಸುಣ್ಣಕಲ್ಲು, ಕಪ್ಪೆಚಿಪ್ಪು, ಹವಳದ ಚೂರು ಇವುಗಳಿಂದ ನೀರಿನ ಗಡಸುತನ ಹೆಚ್ಚುವುದು. ಬೆಂಗಳೂರಿನ ಸುತ್ತಿನ ಬೆಣಚುಕಲ್ಲು, ಕರಿಕಲ್ಲುಗಳಿಂದ ಬಾಧೆಯಿಲ್ಲ.

ಗಿಡಗಳಲ್ಲಿ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಎಂಬುವು ಕರ್ನಾಟಕದ ಕೆರೆಗಳಲ್ಲಿಯೇ ಬೆಳೆಯತಕ್ಕವು. ಹೆಚ್ಚಿನ ಆರೈಕೆಯಿಲ್ಲದೆ ಬೇರೂರುವುವು. ಇವು ಮೀನಿಗೆ ಮರೆಯನ್ನು ಕೊಡುವುದಲ್ಲದೆ, ಮೀನಿನ ಕಲ್ಮಷದಲ್ಲಿರುವ ಸಾರಜನಕವನ್ನು ಗೊಬ್ಬರವಾಗಿ ಹೀರಿಕೊಳ್ಳುವುವು. ಕೆರೆಯಿಂದ ತಂದ ಗಿಡದೊಡನೆ ಬಸವನಹುಳುವೂ, ಜಿಗಣೆಯೂ, ಏರೋಪ್ಲೇನ್ ಚಿಟ್ಟೆಯ ಮರಿಹುಳುವೂ ಬರಬಹುದು. ಈ ಮರಿಹುಳುವು ನೀರಿನಲ್ಲಿದ್ದುಕೊಂಡು ಸಣ್ಣ ಮೀನುಗಳನ್ನು ಹಿಡಿದು ತಿನ್ನುವುದು. ಆದುದರಿಂದ ಗಿಡಗಳನ್ನು ಒಂದು ವಾರ ಬೇರೆ ಬಕೆಟ್ಟಿನಲ್ಲಿ ಇಟ್ಟು, ದಿನವೂ ಜಾಲಿಸಿ, ಪರೀಕ್ಷಿಸಿ ನೆಡತಕ್ಕದ್ದು. ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗಳಿಗಿಂತ ಹೆಚ್ಚು ಉರಿಸಬಾರದು.

ನೀರನ್ನು ಶೋಧಿಸುವ ಸಾಧನಗಳಲ್ಲಿ ಗಾಳಿಪಂಪಿನಿಂದ ನಡೆಯುವ ಸ್ಪಂಜಿನ ಶೋಧಕವು ಅಗ್ಗವಾದುದು, ಮೊದಲಿಗರಿಗೆ ಉತ್ತಮವಾದುದು. ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ತೂಗುಹಾಕಬೇಕು. ಕೆಳಗಿಟ್ಟರೆ ವಿದ್ಯುತ್ತು ನಿಂತಾಗ ತೊಟ್ಟಿಯ ನೀರು ಕೊಳವೆಯ ಮೂಲಕ ಹಿಂದಕ್ಕೆ ಹರಿದು ಪಂಪನ್ನೂ ನೆಲವನ್ನೂ ಕೆಡಿಸುವುದು. ಬಹಳ ಹೊತ್ತು ವಿದ್ಯುತ್ತು ನಿಲ್ಲುವ ಊರುಗಳಲ್ಲಿ ಬ್ಯಾಟರಿಯ ಸಣ್ಣ ಪಂಪೊಂದನ್ನು ಇಟ್ಟುಕೊಳ್ಳುವುದು ಲೇಸು. ತೊಟ್ಟಿಗೆ ಜಾಲರಿಯ ಅಥವಾ ಗಾಜಿನ ಮುಚ್ಚಳವೂ ಅವಶ್ಯ. ಏಕೆಂದರೆ ನಾಡಿನ ಸಣ್ಣ ಮೀನುಗಳಲ್ಲಿ ಅನೇಕವು ನೀರಿನಿಂದ ನೆಗೆಯುವ ಸ್ವಭಾವದವು.

ನೀರಿನ ಮೂಲ

ದಕ್ಷಿಣ ಬೆಂಗಳೂರಿನ ಮನೆಗಳಿಗೆ ಮೂರು ಬಗೆಯ ನೀರು ಬರುವುದು. ಮೊದಲನೆಯದು ಕಾವೇರಿಯ ನೀರು. 1974ರಲ್ಲಿ ಪ್ರಾರಂಭವಾದ ಯೋಜನೆಯಂತೆ ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಈ ನೀರು ಶುದ್ಧಿಯಾಗಿ ಬರುವುದು. ರೋಗಾಣುಗಳು ಸಾಯಲೆಂದು ಇದಕ್ಕೆ ಕ್ಲೋರಿನ್ ಸೇರಿಸಿರುವರು. ಮನುಷ್ಯರಿಗೆ ಹಿತವಾದ ಈ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುವುದು. ಆದುದರಿಂದ ನಲ್ಲಿಯ ನೀರನ್ನು ಅಗಲವಾದ ಬಾಯಿಯ ಪಾತ್ರೆಯಲ್ಲಿ 24 ಗಂಟೆಗಳ ಕಾಲ ತೆರೆದಿಟ್ಟು, ಗಾಳಿಯಾಡಿಸಿ, ಅನಂತರವೇ ಉಪಯೋಗಿಸಬೇಕು. ಅವಸರವಾದರೆ ಮೀನಿನ ಅಂಗಡಿಗಳಲ್ಲಿ ದೊರೆಯುವ ಕ್ಲೋರಿನ್‌ನಿವಾರಕ ದ್ರವವನ್ನು ಸೀಸೆಯ ಮೇಲೆ ಸೂಚಿಸಿದ ಪ್ರಮಾಣದಲ್ಲಿ ಹಾಕಬಹುದು.

ಎರಡನೆಯದು ಕೊಳವೆಬಾವಿಯ ನೀರು. ಟ್ಯಾಂಕರಿನಲ್ಲಿ ಬರುವುದೂ ಸಾಮಾನ್ಯವಾಗಿ ಇದೇ. ಇದರಲ್ಲಿ ಕ್ಲೋರಿನ್ ಇರದಿದ್ದರೂ ಗಡಸುತನ ಹೆಚ್ಚು. ಸಾಬೂನು ನೊರೆಯಾಡದ, ಪಾತ್ರೆಯಲ್ಲಿ ಬಿಳಿಯ ಪೊರೆ ಕಟ್ಟುವ ನೀರಾದರೆ ಅದಕ್ಕೆ ಮಳೆಯ ನೀರನ್ನು ಸಮಭಾಗವಾಗಿ ಬೆರೆಸಬಹುದು. 2009ರಿಂದ ಬೆಂಗಳೂರಿನಲ್ಲಿ ನಿರ್ದಿಷ್ಟ ಅಳತೆಯ ನಿವೇಶನಗಳಿಗೆ ಮಳೆನೀರಿನ ಸಂಗ್ರಹವು ಕಡ್ಡಾಯವಾಗಿರುವುದರಿಂದ ಅನೇಕ ಮನೆಗಳಲ್ಲಿ ಇದಕ್ಕೆ ಸೌಕರ್ಯವಿದೆ. ಮಾಳಿಗೆಯನ್ನು ತೊಳೆದ ಮೊದಲ ಮಳೆಯ ನೀರನ್ನು ಮಾತ್ರ ತೆಗೆದುಕೊಳ್ಳಕೂಡದು.

ಮೂರನೆಯದು ಕುಡಿಯುವುದಕ್ಕಾಗಿ ಯಂತ್ರದಲ್ಲಿ ಸೋಸಿದ ನೀರು. ಇದರಲ್ಲಿ ಲವಣಾಂಶವು ಬಹಳ ಕಡಿಮೆಯಾಗಿರುವುದರಿಂದ ಇದೊಂದನ್ನೇ ತುಂಬುವುದು ಸರಿಯಲ್ಲ.

ಯಾವ ನೀರಾದರೂ ಚಿಂತೆಯಿಲ್ಲ, ಅದು ಪದೇ ಪದೇ ಬದಲಾಗಬಾರದು. 2024ರ ಬೇಸಗೆಯಲ್ಲಿ ನೀರಿನ ಅಭಾವವುಂಟಾದಾಗ ನಗರದ ಎಷ್ಟೋ ಮನೆಗಳವರು ಟ್ಯಾಂಕರನ್ನು ಆಶ್ರಯಿಸಬೇಕಾಯಿತು. ಅಂತಹ ಸಮಯದಲ್ಲಿ ತೊಟ್ಟಿಗೆ ಹೊಸ ಮೂಲದ ನೀರನ್ನು ಒಮ್ಮೆಲೇ ತುಂಬದೆ, ಒಂದೊಂದು ಸಾರಿಗೆ ಒಂದೆರಡು ಚೊಂಬಿನಂತೆ ಕೆಲವು ದಿವಸಗಳಲ್ಲಿ ಸೇರಿಸುತ್ತ ಬರಬೇಕು.

ನೀರು ಪಕ್ವವಾಗುವ ಬಗೆ

ಮೀನು ಉಸಿರಾಡುವಾಗ ಕಿವಿರುಗಳ ಮೂಲಕವೂ, ಮಲದ ಮೂಲಕವೂ ಅಮೋನಿಯವನ್ನು ಹೊರಗೆ ಬಿಡುವುದು. ತಿನ್ನದೆ ಉಳಿದ ಮೇವು ಕೊಳೆತರೂ ಅಮೋನಿಯವೇ ಹುಟ್ಟುವುದು. ಕೆರೆಯಲ್ಲಿ ಇದು ಅಪಾರವಾದ ನೀರಿನಲ್ಲಿ ಬೆರೆತುಹೋಗುವುದು. 55 ಲೀಟರು ನೀರಿನಲ್ಲಿ ಅದು ಎಲ್ಲಿಗೂ ಹೋಗಲಾರದು. ಲೀಟರಿಗೆ ಒಂದೆರಡು ಮಿಲಿಗ್ರಾಮಿನಷ್ಟು ಅಮೋನಿಯವಾದರೂ ಸಣ್ಣ ಮೀನಿಗೆ ಅಪಾಯಕರವಾದುದು. ಗಡಸಾದ ಕ್ಷಾರಗುಣದ ನೀರಿನಲ್ಲಿ ಇದರ ವಿಷವು ಮತ್ತೂ ತೀವ್ರವಾಗುವುದರಿಂದ ಕೊಳವೆಬಾವಿಯ ನೀರನ್ನು ಉಪಯೋಗಿಸುವವರು ಹೆಚ್ಚು ಎಚ್ಚರಿಕೆಯಿಂದಿರಬೇಕು.

ಈ ವಿಷವನ್ನು ಕಳೆಯುವ ಕೆಲಸವನ್ನು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾಡುವುವು. ರೈತರಿಗೆ ಇವುಗಳ ಪರಿಚಯವು ತಿಳಿಯದಂತೆಯೇ ಆಗಿದೆ. ಹಸಿಯ ಸಗಣಿಯನ್ನೋ ಗಂಜಳವನ್ನೋ ಎಳೆಯ ಪೈರಿನ ಬುಡಕ್ಕೆ ಹಾಕಿದರೆ ಪೈರು ಸುಟ್ಟುಹೋಗುವುದು. ಅದೇ ಸಗಣಿಯು ತಿಪ್ಪೆಯಲ್ಲಿ ಕಳಿತು ಗೊಬ್ಬರವಾದ ಮೇಲೆ ಹಾಕಿದರೆ ಪೈರು ಹಸುರೇರುವುದು. ನಡುವೆ ನಡೆದ ಕಾರ್ಯಗಳಲ್ಲಿ ಒಂದು ಸೂಕ್ಷ್ಮಜೀವಿಗಳದು: ಅವು ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ, ಅನಂತರ ನೈಟ್ರೇಟಾಗಿಯೂ ಮಾರ್ಪಡಿಸುವುವು. ಹೊಲದ ಮಣ್ಣಿನಲ್ಲಿ ಈ ಕಾರ್ಯವನ್ನು ನಡೆಸುವ ಜೀವಿಗಳ ವಿಷಯವನ್ನು ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿನಲ್ಲಿ ಸ್ಪಷ್ಟಪಡಿಸಿದನು. ಅದೇ ಬಗೆಯ ಜೀವಿಗಳು ಮೀನುತೊಟ್ಟಿಯ ಸ್ಪಂಜಿನಲ್ಲಿಯೂ, ಮರಳಿನಲ್ಲಿಯೂ, ಗಿಡದ ಎಲೆಗಳ ಮೇಲೆಯೂ ನೆಲೆಸುವುವು. ನೈಟ್ರೈಟು ಮೀನಿನ ರಕ್ತವು ಆಮ್ಲಜನಕವನ್ನು ಒಯ್ಯದಂತೆ ಮಾಡುವುದರಿಂದ ಅದೂ ವಿಷವೇ. ಕೊನೆಯದಾದ ನೈಟ್ರೇಟು ಮಾತ್ರ ಸ್ವಲ್ಪ ಪ್ರಮಾಣದಲ್ಲಿ ಬಾಧಕವಲ್ಲ. ಅದನ್ನು ಗಿಡಗಳು ಹೀರುವುವು. ಉಳಿದದ್ದು ವಾರಕ್ಕೊಮ್ಮೆ ನೀರು ಬದಲಾಯಿಸಿದಾಗ ಹೊರಗೆ ಹೋಗುವುದು.

ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಇಲ್ಲದಷ್ಟೇ ಸರಿ. ಅವು ಬೆಳೆದು ನೆಲೆಗೊಳ್ಳುವುದಕ್ಕೆ 4ರಿಂದ 6 ವಾರಗಳು ಹಿಡಿಯುವುವು. ಚಳಿಗಾಲದಲ್ಲಿ ಇನ್ನೂ ತಡವಾಗಬಹುದು. ಇದಕ್ಕೆ ಕ್ರಮವು ಹೀಗೆ:

ಮೊದಲ ದಿವಸ ಮರಳು, ಗಿಡ, ನೀರು, ಶೋಧಕಗಳನ್ನು ಸಿದ್ಧಪಡಿಸಿ ಗಾಳಿಪಂಪನ್ನು ನಡೆಯಿಸಬೇಕು. ಅದನ್ನು ಮುಂದೆ ಹಗಲಿರುಳೂ ನಿಲ್ಲಿಸಕೂಡದು. ಎರಡನೆಯ ದಿವಸದಿಂದ, ಮೀನು ಇಲ್ಲದಿದ್ದರೂ, ದಿನಕ್ಕೊಂದು ಚಿಟಿಕೆ ಮೀನಿನ ಮೇವನ್ನು ಹಾಕುತ್ತ ಬರಬೇಕು. ಅದು ಕೊಳೆತು ಹುಟ್ಟುವ ಅಮೋನಿಯವು ಸೂಕ್ಷ್ಮಜೀವಿಗಳಿಗೆ ಆಹಾರವಾಗುವುದು. ಅಂಗಡಿಯಲ್ಲಿ ದೊರೆಯುವ ಪರೀಕ್ಷಾದ್ರವಗಳಿಂದ ವಾರಕ್ಕೆರಡು ಸಾರಿ ನೀರನ್ನು ಪರೀಕ್ಷಿಸಿದರೆ, ಮೊದಲು ಅಮೋನಿಯವು ಏರುವುದೂ, ಕೆಲವು ದಿನಗಳ ನಂತರ ಅದು ಇಳಿಯುತ್ತ ನೈಟ್ರೈಟು ಏರುವುದೂ, ಕೊನೆಗೆ ಅದೂ ಇಳಿದು ನೈಟ್ರೇಟು ಕಾಣುವುದೂ ತಿಳಿಯುವುವು. ಮೇವನ್ನು ಹಾಕುತ್ತಿದ್ದರೂ ಅಮೋನಿಯ, ನೈಟ್ರೈಟು ಎರಡೂ ಸೊನ್ನೆಯಲ್ಲಿಯೇ ನಿಂತಾಗ ನೀರು ಪಕ್ವವಾಯಿತೆಂದು ತಿಳಿಯತಕ್ಕದ್ದು. ಪರಿಚಿತರ ಮನೆಯಲ್ಲಿ ಆರೋಗ್ಯವಾದ ಹಳೆಯ ತೊಟ್ಟಿಯಿದ್ದರೆ ಅದರ ಶೋಧಕದ ಒಂದು ತುಂಡು ಸ್ಪಂಜನ್ನು ಒದ್ದೆಯಾಗಿಯೇ ತಂದು ಹೊಸ ತೊಟ್ಟಿಯಲ್ಲಿ ಇಡುವುದರಿಂದ ಈ ಕಾಲವು ಬಹಳ ಕಡಿಮೆಯಾಗುವುದು. ಹಾಲಿಗೆ ಹೆಪ್ಪು ಹಾಕಿದಂತೆ ಇದು.

ಈ ವಾರಗಳಲ್ಲಿ ತೊಟ್ಟಿಯು ಮೀನಿಲ್ಲದ ನೀರಾಗಿರುವುದರಿಂದ ಅದರಲ್ಲಿ ಸೊಳ್ಳೆಯು ಮೊಟ್ಟೆಯಿಡಬಹುದು. ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯು ಮನೆಯೊಳಗಿನ ತಿಳಿನೀರನ್ನೇ ಹುಡುಕುವಂತಹುದು. ಆದಕಾರಣ ಮೀನು ಬಿಡುವವರೆಗೆ ತೊಟ್ಟಿಯ ಬಾಯಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿದು ಕಟ್ಟುವುದನ್ನು ಮರೆಯಬಾರದು.

ಸಾಕತಕ್ಕ ಮೀನುಗಳು

ಮೊದಲ ಸಾರಿಗೆ ಜೀಬ್ರಾ ಮೀನು ಅಥವಾ ಡ್ಯಾನಿಯೊ ರೆರಿಯೊ ಎಂಬುದಕ್ಕಿಂತ ಉತ್ತಮವಾದ ಮೀನಿಲ್ಲ. ಒಂದೂವರೆ ಅಂಗುಲ ಉದ್ದದ ಮೈಮೇಲೆ ತಲೆಯಿಂದ ಬಾಲದವರೆಗೆ ಕಡುನೀಲಿಯ ಗೀರುಗಳಿದ್ದು ಸದಾ ಚಟುವಟಿಕೆಯಿಂದ ಈಜುವುದು. ಭಾರತದ ನಿಧಾನವಾದ ತೊರೆಗಳಲ್ಲಿಯೂ ಬತ್ತದ ಗದ್ದೆಗಳ ನೀರಿನಲ್ಲಿಯೂ ಇದು ಸಹಜವಾಗಿ ವಾಸಿಸುವುದು. ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಗಂಗಾನದಿಯ ಮೀನುಗಳನ್ನು ಕುರಿತು 1822ರಲ್ಲಿ ಪ್ರಕಟವಾದ ಗ್ರಂಥದಲ್ಲಿ. ಶ್ರೀರಂಗಪಟ್ಟಣವು ಬಿದ್ದ ತರುವಾಯ 1800–01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಇಲ್ಲಿನ ಬೇಸಾಯದ ವಿವರಗಳನ್ನು ಬರೆದಿಟ್ಟ ಬುಕಾನನನೇ ಈತ. ಇಂದು ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಈ ಮೀನು ವೈದ್ಯಕೀಯ ಸಂಶೋಧನೆಗೆ ಆಧಾರವಾಗಿದೆ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿಯೂ ಇದನ್ನು ಸಾಕುತ್ತಿರುವರು. ಗುಂಪಿನಲ್ಲಿ ಬದುಕುವ ಜಾತಿಯಾದುದರಿಂದ ಆರಕ್ಕಿಂತ ಕಡಿಮೆ ಇಡಬಾರದು.

ಎರಡನೆಯದು ಗೆಂಡೆಯ ಬಳಗಕ್ಕೆ ಸೇರಿದ ಸಣ್ಣ ಮೀನುಗಳು. ಅಂಗಡಿಗಳಲ್ಲಿ ರೋಸಿ ಬಾರ್ಬ್ ಎಂದು ಮಾರುವ ಪೆಥಿಯಾ ಕಾಂಕೋನಿಯಸ್ ಎಂಬುದರ ಗಂಡು ಮರಿಮಾಡುವ ಕಾಲದಲ್ಲಿ ತಾಮ್ರದಂತೆ ಕೆಂಪಾಗುವುದು. ಎಳೆಯ ಗಿಡಗಳನ್ನು ಕಡಿಯುವುದೊಂದೇ ಇದರ ದೋಷ. ಮೈಮೇಲೆ ಎರಡು ಕರಿಚುಕ್ಕೆಗಳುಳ್ಳ ಪೆಥಿಯಾ ಟಿಕ್ಟೋ ಎಂಬುದೂ ಯೋಗ್ಯವಾದುದು. ಈ ಬಳಗದಲ್ಲಿ ಬೆಂಗಳೂರಿಗೆ ನಂಟುಳ್ಳ ಒಂದು ಮೀನು ಉಂಟು. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದ ಸಿ.ಆರ್. ನಾರಾಯಣರಾಯರ ಹೆಸರನ್ನು ಸುಂದರಲಾಲ್ ಹೋರಾ ಅವರು 1937ರಲ್ಲಿ ಕಾವೇರಿಯ ಒಂದು ಸಣ್ಣ ಮೀನಿಗೆ ಇಟ್ಟರು. ಅದು ಈಗ ಪೆಥಿಯಾ ನಾರಾಯಣಿ ಎನಿಸಿಕೊಂಡಿದೆ.

ತಳದಲ್ಲಿ ಮರಳನ್ನು ಕೆದಕಿ ಮೇಯುವ ಲೆಪಿಡೋಸೆಫಾಲಿಕ್ತಿಸ್ ಥರ್ಮಾಲಿಸ್ ಎಂಬ ಮೀಸೆಯ ಸಣ್ಣ ಮೀನು ದಕ್ಷಿಣ ಭಾರತದ ತೊರೆಗಳದು. ಇಂತಹವನ್ನು ಮೂರು ನಾಲ್ಕು ಇಟ್ಟರೆ ಉದುರಿದ ಮೇವು ವ್ಯರ್ಥವಾಗದು. ನೀರಿನ ಮೇಲ್ಭಾಗದಲ್ಲಿ ವಾಸಿಸುವ ಅಪ್ಲೋಕೈಲಸ್ ಲಿನಿಯೇಟಸ್ ಎಂಬ ಪಟ್ಟೆಯ ಮೀನು ಸೊಳ್ಳೆಯ ಮರಿಗಳನ್ನು ಹುಡುಕಿ ತಿನ್ನುವುದು. ಅದು ತನ್ನ ಬಾಯಿಗೆ ಹಿಡಿಯುವ ಮೀನುಗಳನ್ನೂ ಬಿಡದು; ಆದುದರಿಂದ ಜೀಬ್ರಾ ಮೀನುಗಳೊಡನೆ ಸೇರಿಸದೆ ಅಂಗಳದ ಕಲ್ಲುಬಾನಿಯಲ್ಲಿ ಬೇರೆಯಾಗಿಡುವುದು ಯುಕ್ತ.

ಮೊದಲಿಗರು ಬಿಡಬೇಕಾದ ಮೀನುಗಳೂ ಇವೆ. ದಾಕಿನ್ಸಿಯಾ ಫಿಲಮೆಂಟೋಸಾ ಎಂಬುದು ಮರಿಯಾಗಿರುವಾಗ ಸುಂದರವಾಗಿದ್ದರೂ ಅರ್ಧ ಅಡಿಯವರೆಗೆ ಬೆಳೆಯುವುದು. ಮೈಮೇಲೆ ಕೆಂಪು ಗೆರೆಯುಳ್ಳ ಸಹ್ಯಾದ್ರಿಯಾ ಡೆನಿಸೋನಿ ಎಂಬುದು ಪಶ್ಚಿಮಘಟ್ಟಗಳ ಕೆಲವೇ ತೊರೆಗಳಲ್ಲಿರುವುದು. ಹೊರದೇಶಗಳ ವ್ಯಾಪಾರಕ್ಕಾಗಿ ಮಿತಿಮೀರಿ ಹಿಡಿದದ್ದರಿಂದ ಅದು ವಿನಾಶದ ಅಂಚಿಗೆ ಬಂದಿದೆ.

ಒಟ್ಟು ಸಂಖ್ಯೆಯಲ್ಲಿ, ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕೆಂಬ ಗಾದೆಯನ್ನು ಮೀರಬಾರದು. ಮೇಲೆ ಹೇಳಿದ ಅಳತೆಯ ತೊಟ್ಟಿಗೆ ಜೀಬ್ರಾ ಮೀನು 8, ತಳದ ಮೀನು 4 ಇಷ್ಟು ಸಾಕು. ಗೆಂಡೆಯ ಜಾತಿಯವು ಬೇಕೆಂಬವರು ಜೀಬ್ರಾ ಮೀನುಗಳಿಗೆ ಬದಲಾಗಿ ಅವನ್ನು 6 ಇಡಬಹುದು.

ಮೀನನ್ನು ತರುವುದು, ಬಿಡುವುದು

ಸಾಕಣೆಯಲ್ಲಿ ಹುಟ್ಟಿದ ಮೀನುಗಳನ್ನೇ ಕೊಳ್ಳುವುದು ಉತ್ತಮ. ಜೀಬ್ರಾ ಮೀನು, ರೋಸಿ ಬಾರ್ಬ್‌ಗಳನ್ನು ಸಾಕಣೆಯಲ್ಲಿ ಮರಿಮಾಡಿಸಿ ಮಾರುವುದು ಬಹುಕಾಲದಿಂದ ನಡೆದುಬಂದಿದೆ. ಗ್ರಾಮದ ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಯಾಗಿರುವುದರಿಂದ ಅನುಮತಿಯಿಲ್ಲದೆ ಹಿಡಿಯಬಾರದು. ಅಭಯಾರಣ್ಯಗಳ ತೊರೆಗಳಲ್ಲಿ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರೋಧ. ಸ್ವಂತ ಹೊಂಡದಲ್ಲಿಯೋ ಗದ್ದೆಯ ಕಾಲುವೆಯಲ್ಲಿಯೋ ನೀರು ಬತ್ತುವಾಗ ಸಿಕ್ಕಿಬಿದ್ದ ಐದಾರು ಮೀನುಗಳನ್ನು ತಂದಿಡುವವರು, ಕೊರವದ ಮರಿಯು ಅವುಗಳಲ್ಲಿ ಸೇರಿಲ್ಲವೆಂದು ನೋಡಿಕೊಳ್ಳಬೇಕು. ಅದು ಬೆಳೆದು ಉಳಿದವೆಲ್ಲವನ್ನೂ ನುಂಗುವುದು.

ಅಂಗಡಿಯಲ್ಲಿ ರೆಕ್ಕೆಗಳನ್ನು ಮುದುಡಿಕೊಂಡಿರುವ, ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿಯ ಚುಕ್ಕೆಗಳಿರುವ, ಮೂಲೆಯಲ್ಲಿ ಒಂಟಿಯಾಗಿ ನಿಂತಿರುವ ಮೀನುಗಳನ್ನು ಕೊಳ್ಳಬಾರದು. ಅದೇ ತೊಟ್ಟಿಯಲ್ಲಿ ಸತ್ತ ಮೀನು ಕಂಡರೆ ಅಲ್ಲಿನ ಯಾವುದನ್ನೂ ಕೊಳ್ಳಬಾರದು. ಮನೆಗೆ ತಂದ ಚೀಲವನ್ನು ಬಾಯಿ ಬಿಚ್ಚದೆ ತೊಟ್ಟಿಯ ನೀರಿನ ಮೇಲೆ 15 ನಿಮಿಷ ತೇಲಬಿಡಬೇಕು. ಬಳಿಕ ಅದರೊಳಗೆ ಐದೈದು ನಿಮಿಷಕ್ಕೊಮ್ಮೆ ಒಂದೊಂದು ಲೋಟ ತೊಟ್ಟಿಯ ನೀರನ್ನು ಸೇರಿಸಿ, ಕೊನೆಗೆ ಮೀನುಗಳನ್ನು ಬಲೆಯಿಂದ ಎತ್ತಿ ಬಿಡಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು. ಮೊದಲು ನಾಲ್ಕು ಮೀನು, ಎರಡು ವಾರಗಳ ಮೇಲೆ ಉಳಿದವು, ಹೀಗೆ ಕಂತಿನಲ್ಲಿ ಬಿಟ್ಟರೆ ಸೂಕ್ಷ್ಮಜೀವಿಗಳೂ ಅದಕ್ಕೆ ತಕ್ಕಂತೆ ಹೆಚ್ಚುವುವು.

ಮೇವು ಮತ್ತು ವಾರದ ಕೆಲಸ

ಅತಿಯಾದರೆ ಅಮೃತವೂ ವಿಷವೆಂಬುದು ಮೀನಿನ ಮೇವಿನ ವಿಷಯದಲ್ಲಿ ಅಕ್ಷರಶಃ ಸತ್ಯ. ದಿನಕ್ಕೆ ಒಂದೆರಡು ಸಾರಿ, ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ವಾರಕ್ಕೊಂದು ದಿನ ಉಪವಾಸವಿಟ್ಟರೆ ಹಾನಿಯಿಲ್ಲ, ಲಾಭವೇ. ಒಣ ಮೇವಿನೊಡನೆ ಆಗಾಗ ಸೊಳ್ಳೆಯ ಮರಿಗಳನ್ನೂ, ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯ ಪುಡಿಯನ್ನೂ ಕೊಡಬಹುದು. ಮೇವಿನ ಡಬ್ಬಿಯು ಮನೆಯಲ್ಲಿ ಒಬ್ಬರ ವಶದಲ್ಲಿಯೇ ಇರತಕ್ಕದ್ದು. ನಾಲ್ವರು ಪ್ರೀತಿಯಿಂದ ಹಾಕಿದ ಮೇವು ತೊಟ್ಟಿಯನ್ನು ಕೆಡಿಸುವುದು.

ವಾರಕ್ಕೊಮ್ಮೆ ಕಾಲು ಭಾಗದಷ್ಟು, ಎಂದರೆ ಒಂದು ಕೊಡದಷ್ಟು, ನೀರನ್ನು ತಳದ ಕಸದೊಡನೆ ಕೊಳವೆಯಿಂದ ತೆಗೆದು, ಕ್ಲೋರಿನ್ ಕಳೆದ ಹೊಸ ನೀರನ್ನು ತುಂಬಬೇಕು. ತೆಗೆದ ನೀರು ಸಾರಜನಕದಿಂದ ಕೂಡಿರುವುದರಿಂದ ಅದನ್ನು ಚರಂಡಿಗೆ ಚೆಲ್ಲದೆ ತುಳಸಿ, ಕರಿಬೇವು, ಹೂಗಿಡಗಳಿಗೆ ಹಾಕಿದರೆ ಉತ್ತಮವಾದ ಗೊಬ್ಬರವಾಗುವುದು. ಸ್ಪಂಜನ್ನು ತಿಂಗಳಿಗೊಮ್ಮೆ ಈ ಹಳೆಯ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು. ನಲ್ಲಿಯ ನೀರಿನಲ್ಲಿ ತೊಳೆದರೆ ಕ್ಲೋರಿನ್ನಿನಿಂದ ಸೂಕ್ಷ್ಮಜೀವಿಗಳು ಸತ್ತು, ಆರು ವಾರಗಳ ಶ್ರಮವು ಒಂದು ಗಳಿಗೆಯಲ್ಲಿ ಹಾಳಾಗುವುದು. ತೊಟ್ಟಿಯನ್ನೆಲ್ಲ ಬರಿದುಮಾಡಿ ಉಜ್ಜಿ ತೊಳೆಯುವ ಪದ್ಧತಿಯೂ ಇದೇ ಕಾರಣದಿಂದ ತಪ್ಪು.

ಮೀನುಗಳು ಮೇಲ್ಭಾಗದಲ್ಲಿ ಬಾಯಿ ತೆರೆದು ಉಸಿರಿಗೆ ಹವಣಿಸಿದರೆ ಔಷಧಿಯನ್ನು ಹುಡುಕುವ ಮೊದಲು ಮೂರನೆಯ ಒಂದು ಭಾಗದಷ್ಟು ನೀರನ್ನು ಬದಲಾಯಿಸಿ, ಮೇವನ್ನು ನಿಲ್ಲಿಸಿ, ಗಾಳಿಯನ್ನು ಹೆಚ್ಚಿಸಬೇಕು. 2016ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಕೊಳಚೆಯು ಸೇರಿ ಆಮ್ಲಜನಕವು ಕುಸಿದು ಸಾವಿರಾರು ಮೀನುಗಳು ಸತ್ತು ತೇಲಿದುವು. ಅಷ್ಟು ದೊಡ್ಡ ಕೆರೆಯೇ ತಾಳದ ಕಲ್ಮಷವನ್ನು ಮನೆಯ ಸಣ್ಣ ತೊಟ್ಟಿಯು ತಾಳಲಾರದು.

ತೊಟ್ಟಿಯ ಮೀನನ್ನು ಕೆರೆಗೆ ಬಿಡಕೂಡದು

ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಸಾಕಿ ಬೇಸತ್ತವರೂ, ಮೀನು ದೊಡ್ಡದಾಯಿತೆಂಬವರೂ, ಪುಣ್ಯವೆಂದು ತಿಳಿದವರೂ ತೊಟ್ಟಿಯ ಮೀನುಗಳನ್ನು ಹತ್ತಿರದ ಕೆರೆಗೆ ಬಿಡುವುದುಂಟು. ಇದು ಜೀವದಯೆಯಂತೆ ಕಂಡರೂ ಕೆರೆಗೆ ಮಾಡುವ ಅಪಕಾರ. ಗಾಜನ್ನು ಶುದ್ಧಪಡಿಸಲೆಂದು ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಒಂದು ಅಡಿಗಿಂತಲೂ ಉದ್ದವಾಗಿ ಬೆಳೆದು, ಮೊಟ್ಟೆಯಿಡಲು ದಡದ ಮಣ್ಣಿನಲ್ಲಿ ಬಿಲಗಳನ್ನು ತೋಡುವುದು. ಅದರ ಮೈಯ ಗಟ್ಟಿಯಾದ ಕವಚದಿಂದ ಬಲೆಗಳು ಹರಿಯುವುವು. ಅದಕ್ಕೆ ಕೊಳ್ಳುವವರೂ ಇಲ್ಲ. ಏರಿಯು ಕೆರೆಯ ಪ್ರಾಣವೆಂಬುದನ್ನು ಬಲ್ಲವರಿಗೆ ಇದರ ಅಪಾಯವನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಸಾಕಣೆಯೇ ನಿಷಿದ್ಧವಾಗಿರುವ ಆಫ್ರಿಕದ ಕ್ಯಾಟ್‌ಫಿಶ್, ಎಲ್ಲೆಲ್ಲಿಯೂ ಹಬ್ಬಿರುವ ತಿಲಾಪಿಯ ಇವುಗಳಿಂದ ನಾಡಿನ ಸಣ್ಣ ಮೀನುಗಳಿಗೆ ನೆಲೆಯಿಲ್ಲದಂತಾಗುವುದು. ಸೊಳ್ಳೆಯ ನಿವಾರಣೆಗೆಂದು ಹೊರದೇಶದಿಂದ ತಂದ ಗ್ಯಾಂಬೂಸಿಯಾ ಮೀನು ಕೂಡ ಇತರ ಮೀನುಗಳ ಮೊಟ್ಟೆಮರಿಗಳನ್ನು ತಿನ್ನುವುದು. ಸಾಕಲಾರದ ಮೀನನ್ನು ಅಂಗಡಿಗೆ ಹಿಂದಿರುಗಿಸಬೇಕು, ಇಲ್ಲವೆ ಸಾಕುವವರಿಗೆ ಕೊಡಬೇಕು. ನಾಡಿನ ಮೀನಾದರೂ ಬೇರೆ ನದಿಯದಾದರೆ ಅದನ್ನೂ ಬಿಡಬಾರದು; ಅದರೊಡನೆ ಅಂಗಡಿಯ ರೋಗಗಳು ಕೆರೆಗೆ ಸೇರುವುವು.

ಸಾರಾಂಶ

2 ಅಡಿ ಉದ್ದದ ತೊಟ್ಟಿ, ಕ್ಲೋರಿನ್ ಕಳೆದ ನೀರು, ಹಗಲಿರುಳು ನಡೆಯುವ ಸ್ಪಂಜಿನ ಶೋಧಕ, 4ರಿಂದ 6 ವಾರಗಳ ಕಾಯುವಿಕೆ, ಹನ್ನೆರಡಕ್ಕೆ ಮೀರದ ಸಣ್ಣ ಮೀನುಗಳು, ಮಿತವಾದ ಮೇವು, ವಾರಕ್ಕೆ ಒಂದು ಕೊಡ ನೀರಿನ ಬದಲಾವಣೆ, ಇಷ್ಟನ್ನು ಪಾಲಿಸಿದವರ ತೊಟ್ಟಿಯು ವರ್ಷಗಟ್ಟಲೆ ಚೆನ್ನಾಗಿರುವುದು. 2015ರಲ್ಲಿ ಸಾರಕ್ಕಿ ಕೆರೆಯ ಅಂಗಳದ ಒತ್ತುವರಿಗಳನ್ನು ಸರ್ಕಾರವು ತೆರವುಮಾಡಿಸಿತು. ಒತ್ತುವರಿಯನ್ನು ಕಾನೂನು ತೆಗೆಯಬಲ್ಲದು. ನೀರು ಕೆಡದಂತೆ ನೋಡಿಕೊಳ್ಳುವ ಕೆಲಸವು ಕೆರೆಯ ಸುತ್ತಲಿನ ಜನರದೇ. ಒಂದು ಚಿಟಿಕೆ ಹೆಚ್ಚಾದ ಮೇವಿನಿಂದ 55 ಲೀಟರು ನೀರು ಏನಾಗುವುದೆಂದು ಬಾಲ್ಯದಲ್ಲಿಯೇ ಕಣ್ಣಾರೆ ಕಂಡವನು, ಮುಂದೆ ಊರಿನ ಕೆರೆಗೆ ಕೊಳಚೆಯನ್ನು ಹರಿಯಬಿಡುವುದಕ್ಕೆ ಸುಲಭವಾಗಿ ಒಪ್ಪಲಾರನು. ಗ್ರಾಮದ ಶಾಲೆಯಲ್ಲಿ ಇಂತಹ ತೊಟ್ಟಿಯೊಂದನ್ನು ಇರಿಸಿ, ನೀರಿನ ಪರೀಕ್ಷೆಯನ್ನು ಮಕ್ಕಳ ಕೈಯಿಂದಲೇ ಮಾಡಿಸುವ ಏರ್ಪಾಡನ್ನು ಮುಖಂಡರು ಕೈಕೊಂಡರೆ, ಅದಕ್ಕೆ ತಗಲುವ ಅಲ್ಪ ವೆಚ್ಚವು ಸಾರ್ಥಕವಾಗುವುದು.